ಮಿತ ಸ್ವರಗಳ ಆಕರ್ಷಣೆ

ಇಟಲಿಯ ಪಿಯಾನೋ ರಚನಕಾರ ಲುಡೊವಿಕೊ ಐನೌಡಿ ಎಂಬ ಹೆಸರು ರೋಣ, ನರಗುಂದ, ಗಜೇಂದ್ರಗಡಗಳ ಕಡೆಯ ಮನೆಗಳಲ್ಲಿ ಅಷ್ಟಾಗಿ ಪರಿಚಿತವಲ್ಲ. ಆದರೆ ಅವರ ಸಂಗೀತವೂ ಅಪರಿಚಿತವೆಂದು ಹೇಳಲಾಗದು. ಮೊಬೈಲ್ ದೂರವಾಣಿಯಲ್ಲಿ ಒಂದರ ಹಿಂದೊಂದು ಸರಿದುಹೋಗುವ ಕಿರುಚಿತ್ರಗಳಲ್ಲಿ, ಮಳೆ ಸುರಿಯುವ ಅಥವಾ ಸೂರ್ಯ ಮುಳುಗುವ ದೃಶ್ಯದ ಹಿಂದೆ, ಮಂದಗತಿಯಲ್ಲಿ ಮರುಕಳಿಸುವ ಪಿಯಾನೋದ ನಾಲ್ಕಾರು ಸ್ವರಗಳನ್ನು ಕೇಳಿದವರು ಬಹುಮಟ್ಟಿಗೆ ಐನೌಡಿಯವರನ್ನೋ ಅವರನ್ನು ಅನುಸರಿಸಿದವರನ್ನೋ ಕೇಳಿರುತ್ತಾರೆ. ಪರೀಕ್ಷೆಗೆ ಓದುವ ವಿದ್ಯಾರ್ಥಿ, ನಿದ್ರೆ ಬಾರದ ವೃದ್ಧರು, ಧ್ಯಾನಕ್ಕೆ ಕುಳಿತ ಗೃಹಿಣಿ, ಇವರೆಲ್ಲರಿಗೂ ಆ ಸಂಗೀತ ಒದಗಿಬರುತ್ತದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಿಮರ್ಶಕರಲ್ಲಿ ಅನೇಕರು ಅದನ್ನು ತೆಳುವೆಂದು ತಳ್ಳಿಹಾಕಿದ್ದಾರೆ. ಜನರು ಆ ಮಾತಿಗೆ ಕಿವಿಗೊಟ್ಟಿಲ್ಲ. ಇಷ್ಟು ಕಡಿಮೆ ಸ್ವರಗಳಿಗೆ ಇಷ್ಟು ಹೆಚ್ಚು ಜನರು ಒಲಿದದ್ದೇಕೆ? ಪರಿಗ್ರಹಕ್ಕೆ ಪರಿಮಾಣವಿರಬೇಕೆಂದು ನಂಬಿ ಬಂದ ಸಮಾಜಕ್ಕೆ ಇದು ಸಂಗೀತವೊಂದಕ್ಕೇ ಸೇರಿದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಐನೌಡಿಯವರು ಜನಿಸಿದ್ದು ೧೯೫೫ರಲ್ಲಿ, ತೂರಿನ್ ನಗರದಲ್ಲಿ. ಅವರ ಅಜ್ಜ ಲುಯಿಜಿ ಐನೌಡಿ ೧೯೪೮ರಿಂದ ೧೯೫೫ರವರೆಗೆ ಇಟಲಿಯ ರಾಷ್ಟ್ರಪತಿಗಳಾಗಿದ್ದರು. ತಂದೆ ಜೂಲಿಯೋ ಐನೌಡಿ ಆ ದೇಶದ ಗಣ್ಯ ಪ್ರಕಾಶಕರು. ಮಿಲಾನಿನ ಸಂಗೀತ ವಿದ್ಯಾಲಯದಲ್ಲಿ ಕಲಿತ ಲುಡೊವಿಕೊ ಅವರಿಗೆ ಗುರುವಾಗಿ ದೊರೆತವರು ಲುಚಾನೊ ಬೆರಿಯೊ. ಇಪ್ಪತ್ತನೆಯ ಶತಮಾನದ ಯುರೋಪಿನ ಅತ್ಯಂತ ಕಠಿಣವಾದ ಪ್ರಯೋಗಗಳನ್ನು ನಡೆಸಿದವರಲ್ಲಿ ಬೆರಿಯೊ ಒಬ್ಬರು. ಈ ಅಂಶವನ್ನು ಗಮನದಲ್ಲಿಡಬೇಕು. ಐನೌಡಿಯವರು ಸರಳವಾಗಿ ಬರೆದದ್ದು ಕಠಿಣವಾದುದು ತಿಳಿಯದೆ ಅಲ್ಲ. ತಿಳಿದು, ಅದನ್ನು ಬದಿಗಿರಿಸಿ, ೧೯೯೬ರಲ್ಲಿ 'ಲೆ ಒಂದೆ', ಅಂದರೆ ಅಲೆಗಳು, ಎಂಬ ಸಂಕಲನವನ್ನು ಹೊರತಂದರು. ೨೦೦೧ರಲ್ಲಿ 'ಇ ಜೋರ್ನಿ', ೨೦೦೪ರಲ್ಲಿ 'ಉನಾ ಮತ್ತೀನಾ' ಬಂದವು. ೨೦೧೧ರ 'ದಿ ಇನ್‌ಟಚಬಲ್ಸ್' ಎಂಬ ಫ್ರೆಂಚ್ ಚಲನಚಿತ್ರವು ಅವರ ರಚನೆಗಳನ್ನು ಬಳಸಿಕೊಂಡ ಮೇಲೆ ಸಂಗೀತಸಭೆಗೆ ಎಂದೂ ಹೋಗದವರೂ ಅವರ ಶ್ರೋತೃಗಳಾದರು.

ಆ ರಚನೆಗಳಲ್ಲಿ ಇರುವುದೇನು? 'ಉನಾ ಮತ್ತೀನಾ' ಸಂಕಲನದ 'ನುವೊಲೆ ಬ್ಯಾಂಕೆ', ಅಂದರೆ ಬಿಳಿಯ ಮೋಡಗಳು, ಎಂಬ ಪ್ರಸಿದ್ಧ ರಚನೆಯನ್ನು ತೆಗೆದುಕೊಳ್ಳಬಹುದು. ಏಕಕಾಲಕ್ಕೆ ನುಡಿಯುವ ಸ್ವರಗಳ ಗುಂಪನ್ನು ಸ್ವರಮೇಳವೆನ್ನುವುದಾದರೆ, ಇಲ್ಲಿರುವುದು ನಾಲ್ಕು ಸ್ವರಮೇಳಗಳ ಒಂದು ಚಕ್ರ. ಎಡಗೈ ಆ ಸ್ವರಮೇಳಗಳನ್ನು ಬಿಡಿಬಿಡಿಯಾಗಿ ಒಡೆದು ನುಡಿಸುತ್ತ ಹೋಗುತ್ತದೆ; ಬಲಗೈ ಅದರ ಮೇಲೆ, ಹೆಚ್ಚಾಗಿ ಪಕ್ಕಪಕ್ಕದ ಸ್ವರಗಳಲ್ಲಿಯೇ ಹೆಜ್ಜೆಯಿಡುವ ಒಂದು ಸಣ್ಣ ರಾಗವನ್ನು ಹೇಳುತ್ತದೆ. ಚಕ್ರ ತಿರುಗಿದಂತೆ ನಾದ ತುಂಬಿಕೊಳ್ಳುತ್ತದೆ, ಏರುತ್ತದೆ, ಮತ್ತೆ ಇಳಿದು ಮೊದಲಿನ ಮೌನದ ಅಂಚಿಗೆ ಬಂದು ನಿಲ್ಲುತ್ತದೆ. ಎರಡನೆಯ ಸುತ್ತಿಗೇ ಕೇಳುವವನಿಗೆ ಮುಂದೇನು ಬರುವುದೆಂದು ತಿಳಿದುಬಿಡುತ್ತದೆ. ತಿಳಿದದ್ದೇ ಬಂದಾಗ ಮನಸ್ಸಿಗೆ ಒಂದು ಭರವಸೆ ಹುಟ್ಟುತ್ತದೆ. ದಿನವಿಡೀ ಅನಿರೀಕ್ಷಿತಗಳಿಂದ ದಣಿದ ಮನುಷ್ಯನಿಗೆ ಈ ಭರವಸೆ ಸಣ್ಣದಲ್ಲ. ಸಾಹಿತ್ಯವಿಲ್ಲದಿರುವುದರಿಂದ ಭಾಷೆಯ ಅಡ್ಡಿಯಿಲ್ಲ; ರಾಗತಾಳಗಳ ಶಿಕ್ಷಣವನ್ನೂ ಅದು ಬೇಡುವುದಿಲ್ಲ.

ವಾದ್ಯದ ಸ್ವಭಾವವೂ ಇದಕ್ಕೆ ಕಾರಣ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಕೃಪೆಯಿಂದ ಈ ಸೀಮೆಯ ಜನರಿಗೆ ಹಾರ್ಮೋನಿಯಮ್ ಚೆನ್ನಾಗಿ ಗೊತ್ತು. ಕಪ್ಪು ಬಿಳಿಯ ಮನೆಗಳಲ್ಲಿ ಪಿಯಾನೋ ಅದಕ್ಕೆ ದಾಯಾದಿಯಂತೆ ಕಂಡರೂ ಹಾರ್ಮೋನಿಯಮ್ಮಿನ ಸ್ವರವು ಗಾಳಿಯಿರುವವರೆಗೆ ನಿಲ್ಲುತ್ತದೆ. ಪಿಯಾನೋದಲ್ಲಿ ಸುತ್ತಿಗೆಯೊಂದು ತಂತಿಯನ್ನು ಬಡಿಯುತ್ತದೆ, ಬಡಿದ ಕ್ಷಣದಿಂದಲೇ ನಾದವು ಕ್ಷಯಿಸತೊಡಗುತ್ತದೆ. ಅದನ್ನು ಜೀವಂತವಾಗಿ ಇರಿಸಬೇಕಾದರೆ ಮತ್ತೆ ಮತ್ತೆ ನುಡಿಸಲೇಬೇಕು. ಒಂದು ಸ್ವರದಿಂದ ಮತ್ತೊಂದಕ್ಕೆ ಜಾರುವ ಮೀಂಡ್ ಎರಡರಲ್ಲಿಯೂ ಅಸಾಧ್ಯ. ಆಕಾಶವಾಣಿಯು ೧೯೪೦ರಿಂದ ೧೯೭೧ರವರೆಗೆ ಹಾರ್ಮೋನಿಯಮ್ಮನ್ನು ಹೊರಗಿಟ್ಟದ್ದಕ್ಕೆ ಹೇಳಿದ ಆಕ್ಷೇಪಗಳಲ್ಲಿ ಇದೂ ಒಂದು. ಆದುದರಿಂದ ಐನೌಡಿಯವರ ಪುನರಾವರ್ತನೆಯನ್ನು ಸೋಮಾರಿತನವೆಂದು ಸುಮ್ಮನೆ ಹಳಿಯುವುದು ನ್ಯಾಯವಲ್ಲ. ಸಾಯುತ್ತಿರುವ ನಾದವನ್ನು ಹಿಡಿದು ನಿಲ್ಲಿಸಲು ಆ ವಾದ್ಯಕ್ಕೆ ಉಳಿದಿರುವ ದಾರಿಗಳಲ್ಲಿ ಅದು ಒಂದು.

ಇನ್ನು ಈ ಮಿತಸ್ವರ ಪದ್ಧತಿಯ ವಂಶವನ್ನು ನೋಡಿದರೆ ಅದರ ಒಂದು ಬೇರು ಅಚ್ಚರಿಯೆಂಬಂತೆ ರೋಣದ ಸಮೀಪಕ್ಕೇ ಬರುತ್ತದೆ. ಪಾಶ್ಚಾತ್ಯರು ಮಿನಿಮಲಿಸಂ ಎಂದು ಕರೆಯುವ ಈ ಪದ್ಧತಿ ರೂಪುಗೊಂಡದ್ದು ೧೯೬೦ರ ದಶಕದ ಅಮೆರಿಕದಲ್ಲಿ. ಫಿಲಿಪ್ ಗ್ಲಾಸ್ ಅವರು ಆ ದಶಕದ ನಡುವಿನಲ್ಲಿ ಪ್ಯಾರಿಸ್ಸಿನಲ್ಲಿ ಪಂಡಿತ ರವಿಶಂಕರರ ಸಂಗೀತವನ್ನು ಪಾಶ್ಚಾತ್ಯ ಲಿಪಿಗೆ ಇಳಿಸುವ ಕೆಲಸ ಮಾಡುತ್ತ ತಾಳದ ಆವರ್ತನೆಯ ಗುಟ್ಟನ್ನು ಕಂಡುಕೊಂಡರು. ಲಾ ಮಾಂಟ್ ಯಂಗ್ ಮತ್ತು ಟೆರ್ರಿ ರೈಲಿ ಎಂಬ ಇನ್ನಿಬ್ಬರು ಪ್ರವರ್ತಕರು ೧೯೭೦ರಲ್ಲಿ ಪಂಡಿತ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರು ಕಿರಾಣಾ ಘರಾಣೆಯ ಅಬ್ದುಲ್ ವಹೀದ್ ಖಾನರ ಶಿಷ್ಯರು. ಅದೇ ಘರಾಣೆಯ ಇನ್ನೊಂದು ಸ್ತಂಭವಾದ ಅಬ್ದುಲ್ ಕರೀಂ ಖಾನರು ಮೈಸೂರಿಗೆ ಹೋಗಿಬರುವಾಗ ಧಾರವಾಡದಲ್ಲಿ ತಂಗುತ್ತಿದ್ದರು. ಕುಂದಗೋಳದ ರಾಮಭಾವು, ಮುಂದೆ ಸವಾಯಿ ಗಂಧರ್ವರೆಂದು ಹೆಸರಾದವರು, ಅವರ ಶಿಷ್ಯರು. ಸವಾಯಿ ಗಂಧರ್ವರ ಶಿಷ್ಯರಾದ ಭೀಮಸೇನ ಜೋಶಿಯವರು ೧೯೨೨ರ ಫೆಬ್ರವರಿ ೪ರಂದು ಹುಟ್ಟಿದ್ದು ರೋಣದಲ್ಲಿ. ಐನೌಡಿಯವರು ಈ ಪರಂಪರೆಯ ನೇರ ಶಿಷ್ಯರಲ್ಲ. ಇತರರು ಉತ್ತು ಹದಮಾಡಿದ ಹೊಲದಲ್ಲಿ ತಡವಾಗಿ ಬಿತ್ತಿ ಸಮೃದ್ಧ ಬೆಳೆ ತೆಗೆದವರು ಅವರು. ಆದರೂ ಅಲ್ಪ ಸಾಮಗ್ರಿಯ ಸಂಗೀತವನ್ನು ಅಳೆಯಲು ಭೀಮಸೇನರಿಗಿಂತ ಹತ್ತಿರದ ಅಳತೆಗೋಲು ಈ ಸೀಮೆಯವರಿಗೆ ಇಲ್ಲ.

ಭೀಮಸೇನರ ಮೇಲೆ ವಿಮರ್ಶಕರು ಹೊರಿಸುತ್ತಿದ್ದ ಆಕ್ಷೇಪವೊಂದಿತ್ತು. ಅವರು ಹಾಡುವ ರಾಗಗಳು ಕಡಿಮೆ, ಸಭೆಯಿಂದ ಸಭೆಗೆ ಅವೇ ಮರಳಿ ಬರುತ್ತವೆ ಎಂಬುದೇ ಆ ಆಕ್ಷೇಪ. ಅದು ಸುಳ್ಳಲ್ಲ. ತೋಡಿ, ಮುಲ್ತಾನಿ, ಪೂರಿಯಾ ಧನಾಶ್ರೀ, ಶುದ್ಧ ಕಲ್ಯಾಣ, ದರ್ಬಾರಿ, ಮಾಲಕಂಸ, ಲಲಿತ್, ಯಮನ್, ಮಿಯಾಂ ಕೀ ಮಲ್ಹಾರ್ ಮೊದಲಾದ ಒಂದು ಸಣ್ಣ ಬಳಗದೊಳಗೇ ಅವರ ಕಛೇರಿಗಳು ಬಹುಪಾಲು ನಡೆದವು. ಅಪೂರ್ವ ರಾಗಗಳನ್ನು ಸಂಗ್ರಹಿಸಿ ಪ್ರದರ್ಶಿಸುವ ಹವ್ಯಾಸ ಅವರದಾಗಿರಲಿಲ್ಲ. ಕುಂದಗೋಳದಲ್ಲಿ ೧೯೩೬ರಿಂದ ಗುರುಸೇವೆಯಲ್ಲಿದ್ದ ವರ್ಷಗಳಲ್ಲಿ ತೋಡಿ, ಮುಲ್ತಾನಿ, ಪೂರಿಯಾ ಎಂಬ ಮೂರೇ ರಾಗಗಳ ಮೇಲೆ ಅವರನ್ನು ದುಡಿಸಲಾಯಿತೆಂಬ ಮಾತು ಸಂಗೀತವಲಯದಲ್ಲಿ ಪ್ರಸಿದ್ಧವಾಗಿದೆ. ಬೆಳಗಿಗೊಂದು, ಮಧ್ಯಾಹ್ನಕ್ಕೊಂದು, ಸಂಜೆಗೊಂದು.

ಇಲ್ಲಿ ಒಂದು ವಿಷಯವನ್ನು ನಿಧಾನವಾಗಿ ಗಮನಿಸಬೇಕು. ತೋಡಿಗೂ ಮುಲ್ತಾನಿಗೂ ಸ್ವರಗಳು ಅವೇ. ಕೋಮಲ ರಿಷಭ, ಕೋಮಲ ಗಾಂಧಾರ, ತೀವ್ರ ಮಧ್ಯಮ, ಕೋಮಲ ಧೈವತ ಎರಡರಲ್ಲಿಯೂ ಉಂಟು. ಕಾಗದದ ಮೇಲೆ ಬರೆದಿಟ್ಟರೆ ಎರಡೂ ಒಂದೇ ಸಂಸಾರದವು. ಆದರೆ ಮುಲ್ತಾನಿ ಏರುವಾಗ ರಿಷಭ ಧೈವತಗಳನ್ನು ಬಿಟ್ಟುಹೋಗುತ್ತದೆ, ಇಳಿಯುವಾಗ ಅವುಗಳ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ತೋಡಿಯಾದರೋ ಅದೇ ರಿಷಭ, ಅದೇ ಗಾಂಧಾರದಲ್ಲಿ ಮನೆಮಾಡಿಕೊಂಡಿರುತ್ತದೆ. ಅಷ್ಟರಿಂದಲೇ ಒಂದು ರಾಗ ಬೆಳಗಿನ ಆರ್ತತೆಯಾಗುತ್ತದೆ, ಇನ್ನೊಂದು ಇಳಿಹೊತ್ತಿನ ತಹತಹವಾಗುತ್ತದೆ. ಯುವಕನೊಬ್ಬನಿಗೆ ಈ ಎರಡನ್ನೂ ಒಟ್ಟಿಗೆ ಕೊಟ್ಟು ವರ್ಷಗಟ್ಟಲೆ ಹಾಡಿಸಿದ ಗುರುವು ಅವನಿಗೆ ಸ್ವರಗಳನ್ನು ಕಲಿಸುತ್ತಿರಲಿಲ್ಲ, ಸ್ವರಗಳ ನಡುವಿನ ದಾರಿಗಳನ್ನು ಕಲಿಸುತ್ತಿದ್ದನು.

ಪುನರಾವರ್ತನೆ ಖಯಾಲಿನಲ್ಲಿಯೂ ಧಾರಾಳವಾಗಿದೆ. ಬಂದಿಶಿನ ಮುಖಡಾ ಒಂದು ಕಛೇರಿಯಲ್ಲಿ ಎಷ್ಟು ಸಲ ಬರುತ್ತದೆಂದು ಯಾರೂ ಎಣಿಸುವುದಿಲ್ಲ. ಎಣಿಸಿದರೆ ಐನೌಡಿಯವರ ಚಕ್ರಕ್ಕಿಂತ ಹೆಚ್ಚೇ ಆದೀತು. ಹಿಂದೆ ತಂಬೂರಿ ಅವೇ ನಾಲ್ಕು ತಂತಿಗಳನ್ನು ಇರುಳಿಡೀ ಹೇಳುತ್ತದೆ. ಭೀಮಸೇನರ ವಿಲಂಬಿತ ತೋಡಿಯಲ್ಲಿ ಪ್ರತಿ ಆವರ್ತನೆಯ ಕೊನೆಗೂ ಅದೇ ಮುಖಡಾ, ಅದೇ ಸಮ. ಆದರೆ ಆ ಸಮಕ್ಕೆ ಬಂದು ಮುಟ್ಟುವ ದಾರಿ ಪ್ರತಿ ಸಲ ಬೇರೆ. ಒಮ್ಮೆ ಗಾಂಧಾರದ ಬಳಿ ತಡೆದು, ಉಸಿರು ಮುಗಿಯಿತೆನ್ನುವಾಗ ಧಾವಿಸಿ ಬಂದು ಮುಟ್ಟುತ್ತಾರೆ. ಒಮ್ಮೆ ಮೇಲಿನ ಷಡ್ಜದಿಂದ ಒಂದೇ ತಾನಿನಲ್ಲಿ ಇಳಿಯುತ್ತಾರೆ. ಕೆಲವೊಮ್ಮೆ ಇನ್ನು ತಪ್ಪಿತೆಂದು ಸಭೆ ಹೆದರುವಷ್ಟರಲ್ಲಿ ಹಿಡಿಯುತ್ತಾರೆ. ಕೇಳುವವನು ನಿದ್ರಿಸುವಂತಿಲ್ಲ. 'ನುವೊಲೆ ಬ್ಯಾಂಕೆ'ಯ ನಾಲ್ಕು ಸ್ವರಮೇಳಗಳು ಮರಳಿ ಬಂದಾಗ ಅವು ಬಂದ ದಾರಿಯೂ ಮರಳಿ ಬಂದಿರುತ್ತದೆ. ಬಹುಮಟ್ಟಿಗೆ ಬದಲಾಗುವುದು ನಾದದ ದಪ್ಪ ಮಾತ್ರ. ಎರಡೂ ಅಲ್ಪ ಸಾಮಗ್ರಿಯ ಸಂಗೀತಗಳೇ. ಒಂದು ಆ ಅಲ್ಪದ ಒಳಗೆ ಅಗೆಯುತ್ತದೆ, ಇನ್ನೊಂದು ಅದರ ಸುತ್ತ ನಡೆಯುತ್ತದೆ.

ಗಜೇಂದ್ರಗಡದ ನೇಕಾರರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಆ ಕಡೆಯ ಮಗ್ಗಗಳಲ್ಲಿ ನೇಯುತ್ತ ಬಂದ ಪಟ್ಟೇದ ಅಂಚಿನ ಹತ್ತಿಯ ಸೀರೆಯಲ್ಲಿ ಇರುವುದೆಲ್ಲ ಎರಡು ಮೂರು ಬಣ್ಣ, ಸಾದಾ ಒಡಲು, ಗಟ್ಟಿ ಅಂಚು. ಲಾಳಿ ಅದೇ ದಾರಿಯಲ್ಲಿ ಸಾವಿರಾರು ಸಲ ಓಡಾಡುತ್ತದೆ. ಆದರೂ ಕೈಮಗ್ಗದ ಬಟ್ಟೆಯನ್ನು ಬಲ್ಲ ಹೆಂಗಸರು ಅದನ್ನು ಬೆರಳಲ್ಲಿ ಮುಟ್ಟಿಯೇ ಯಂತ್ರದ ಬಟ್ಟೆಯಿಂದ ಬೇರ್ಪಡಿಸುತ್ತಾರೆ. ಹಾಗೆಯೇ ನರಗುಂದದ ಗುಡ್ಡದ ಮೇಲಿಂದ ಒಂದೇ ಕಪ್ಪು ಹಾಸಿನಂತೆ ಕಾಣುವ ಎರೆಭೂಮಿಯಲ್ಲಿ ರೈತನಿಗೆ ಒಂದು ಹೊಲದಂತೆ ಇನ್ನೊಂದು ಹೊಲವಿಲ್ಲ.

ಜೈನ ತಪಸ್ಸಿನ ಪರಿಭಾಷೆಯಲ್ಲಿ ಇದಕ್ಕೆ ಒದಗುವ ಶಬ್ದವೊಂದಿದೆ. ಆರು ಬಾಹ್ಯ ತಪಸ್ಸುಗಳಲ್ಲಿ ಉಪವಾಸವೊಂದು, ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯ ಇನ್ನೊಂದು, ರಸಪರಿತ್ಯಾಗ ಮತ್ತೊಂದು. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳಲ್ಲಿ ಒಂದನ್ನೋ ಎಲ್ಲವನ್ನೋ ಬಿಟ್ಟು ಉಣ್ಣುವುದು ರಸಪರಿತ್ಯಾಗ. ಪ್ರಮಾಣವನ್ನು ಇಳಿಸುವುದು ಬೇರೆ, ರುಚಿಯನ್ನು ಬಿಡುವುದು ಬೇರೆ ಎಂಬ ಸೂಕ್ಷ್ಮವನ್ನು ಶಾಸ್ತ್ರಕಾರರು ಬಹಳ ಹಿಂದೆಯೇ ಗುರುತಿಸಿದ್ದರು. ಐನೌಡಿಯವರ ಸಂಗೀತದಲ್ಲಿ ಅವಮೌದರ್ಯವಿದೆಯೆಂದು ಒಪ್ಪಬಹುದು. ಸ್ವರಗಳು ಕಡಿಮೆ, ಸ್ವರಮೇಳಗಳು ಕಡಿಮೆ, ಅಬ್ಬರವೂ ಕಡಿಮೆ. ಆದರೆ ರಸಪರಿತ್ಯಾಗ ಅಲ್ಲಿಲ್ಲ. ಉಪ್ಪು, ಹುಳಿ, ಖಾರಗಳನ್ನೆಲ್ಲ ತೆಗೆದು ಬೆಲ್ಲವೊಂದನ್ನು ಉಳಿಸಿಕೊಂಡ ಊಟವದು. ಬೆರಿಯೊ ಅವರ ಶಾಲೆಯಲ್ಲಿ ಕಲಿತ ಕರ್ಕಶತೆಯನ್ನು ಅವರು ಬಿಟ್ಟರು. ಮಾಧುರ್ಯವನ್ನು ಬಿಡಲಿಲ್ಲ, ಬಿಡುವ ಉದ್ದೇಶವೂ ಅವರಿಗೆ ಇರಲಿಲ್ಲ. ಭೀಮಸೇನರು ಉಳಿಸಿಕೊಂಡ ರಾಗಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ತೋಡಿ, ಪೂರಿಯಾ, ದರ್ಬಾರಿಗಳು ಸುಲಭವಾಗಿ ನಾಲಗೆಗೆ ಹತ್ತುವಂಥವಲ್ಲ. ಕಡಿಮೆ ಇಟ್ಟುಕೊಳ್ಳಬೇಕಾದಾಗ ಅವರು ಕಷ್ಟದ್ದನ್ನೇ ಇಟ್ಟುಕೊಂಡರು. ಇವನ್ನು ಹಾಡಿದ ಕಂಠವೇ ದಾಸರ ಪದಗಳನ್ನೂ ಅಭಂಗಗಳನ್ನೂ ಹಾಡಿ ಹಳ್ಳಿಹಳ್ಳಿಗೆ ತಲುಪಿದ್ದರಿಂದ, ಜನಪ್ರಿಯತೆಗೂ ಗಾಂಭೀರ್ಯಕ್ಕೂ ವೈರವಿದೆಯೆಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಹಾಗೆಂದು ಐನೌಡಿಯವರ ಎಲ್ಲ ರಚನೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ತೆಗೆದುಹಾಕುವುದು ಏಕಾಂತವಾದವಾದೀತು. ಚಿಕ್ಕದಾಗಿರುವುದೇ ದೋಷವೂ ಅಲ್ಲ. ಬಾಲಕ ಭೀಮಸೇನರನ್ನು ಮನೆಬಿಟ್ಟು ಗುರುವನ್ನು ಹುಡುಕಿಕೊಂಡು ಹೋಗುವಂತೆ ಮಾಡಿದ್ದು ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮರಿ, ಕೆಲವೇ ನಿಮಿಷಗಳ ಒಂದು ಧ್ವನಿಮುದ್ರಿಕೆ. ಐನೌಡಿಯವರ 'ಇ ಜೋರ್ನಿ' ಸಂಕಲನದ ಹಿಂದೆ ಇರುವ ಕಥೆಯಂತೂ ಅಹಿಂಸಾಧರ್ಮಿಗಳು ತಿಳಿದಿರಬೇಕಾದದ್ದು. ಆಫ್ರಿಕದ ಮಾಲಿ ದೇಶದಲ್ಲಿ ಹನ್ನೆರಡನೆಯ ಶತಮಾನದ್ದೆಂದು ಹೇಳುವ ಜನಪದ ಗೀತೆಯೊಂದಿದೆ. ಹಳ್ಳಿಗರ ಪ್ರೀತಿಗೆ ಪಾತ್ರವಾಗಿದ್ದ ಒಂದು ನೀರಾನೆಯನ್ನು ಬೇಟೆಗಾರನು ಕೊಲ್ಲುತ್ತಾನೆ. ಹಳ್ಳಿಗೆ ಹಳ್ಳಿಯೇ ಅದಕ್ಕಾಗಿ ಶೋಕಿಸುತ್ತದೆ. ಆ ಗೀತೆಯನ್ನು ಕೇಳಿದ ಐನೌಡಿಯವರು ಅದರಿಂದ ಪ್ರೇರಿತರಾಗಿ ಈ ಪಿಯಾನೋ ಗೀತಗಳನ್ನು ರಚಿಸಿದರು. ಪ್ರಾಣಿಯೊಂದರ ಮರಣಕ್ಕೆ ಮನುಷ್ಯರು ಸೂತಕ ಹಿಡಿದ ಕಥೆಯನ್ನು ಬಲ್ಲವನಿಗೆ ಆ ಸಂಗೀತದ ಮರುಕಳಿಕೆ ಬೇರೆಯಾಗಿ ಕೇಳಿಸುತ್ತದೆ. ದುಃಖಿತರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು ಲೋಕರೂಢಿ.

೨೦೧೬ರಲ್ಲಿ ಅವರು ಆರ್ಕ್‌ಟಿಕ್ ಪ್ರದೇಶದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ, ಹಿಮನದಿಯೊಂದರ ಎದುರು ನೀರಿನ ಮೇಲೆ ತೇಲುವ ವೇದಿಕೆಯಲ್ಲಿ ಕುಳಿತು, ಕರಗುತ್ತಿರುವ ಹಿಮಕ್ಕಾಗಿ ಬರೆದ ಸಣ್ಣ ಶೋಕಗೀತೆಯೊಂದನ್ನು ನುಡಿಸಿದರು. ಗ್ರೀನ್‌ಪೀಸ್ ಸಂಸ್ಥೆ ಅದನ್ನು ಏರ್ಪಡಿಸಿತ್ತು. ನುಡಿಸುತ್ತಿರುವಾಗ ಹಿಂದೆ ಹಿಮದ ಗೋಡೆ ಕಳಚಿ ನೀರಿಗೆ ಬೀಳುವ ಸದ್ದು ಕೇಳಿಬರುತ್ತದೆ. ಅಲ್ಲಿ ಸ್ವರಗಳು ಕಡಿಮೆಯಿರುವುದು ಉಚಿತವೆನಿಸುತ್ತದೆ. ಆ ಸದ್ದಿಗೆ ಸ್ಥಳ ಬಿಟ್ಟುಕೊಟ್ಟದ್ದರಿಂದಲೇ ಆ ಸಂಗೀತಕ್ಕೆ ತೂಕ ಬಂದಿದೆ.

ದೋಷವನ್ನು ಹುಡುಕಬೇಕಾದ ಸ್ಥಳ ಬಹುಶಃ ರಚನೆಗಿಂತ ಹೆಚ್ಚಾಗಿ ಕೇಳುವ ರೀತಿ. 'ಇ ಜೋರ್ನಿ'ಯ ಶೀರ್ಷಿಕೆಯ ರಚನೆ, ಪ್ರಕಟವಾದ ಹತ್ತು ವರ್ಷಗಳ ಮೇಲೆ, ೨೦೧೧ರಲ್ಲಿ ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯನ್ನು ಸೇರಿತು. ಬಿಬಿಸಿಯ ಯುವಜನರ ವಾಹಿನಿಯಲ್ಲಿ ನಿರೂಪಕರೊಬ್ಬರು ಅದನ್ನು ಓದುವಾಗ ಮನಸ್ಸಿಗೆ ವಿಶ್ರಾಂತಿ ಕೊಡುವ ಸಂಗೀತವೆಂದು ಪ್ರಸಾರ ಮಾಡಿದ್ದೇ ಅದಕ್ಕೆ ಕಾರಣ. ನೀರಾನೆಯ ಮರಣ ಪಠ್ಯಪುಸ್ತಕದ ಹಿಂದಿನ ಹಿತವಾದ ಸದ್ದಾಯಿತು. ಇದರಲ್ಲಿ ಯಾರದೂ ದುರುದ್ದೇಶವಿಲ್ಲ. ಆದರೂ ಶೋಕಗೀತೆಯೊಂದನ್ನು ಶೋಕವರಿಯದೆ ಸಾವಿರ ಸಲ ಕೇಳಲು ಸಾಧ್ಯವಾಯಿತೆಂಬುದು ಆ ಸಂಗೀತದ ಸಾಮರ್ಥ್ಯವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುತ್ತದೆ. ಭೀಮಸೇನರ ತೋಡಿಯನ್ನು ಹಿನ್ನೆಲೆಗೆ ಹಾಕಿ ಗಣಿತ ಮಾಡುವುದು ಕಷ್ಟ. ಅದು ಲೆಕ್ಕವನ್ನು ಕೆಡಿಸುತ್ತದೆ.

ಶ್ರಾವಕ ಎಂಬ ಶಬ್ದಕ್ಕೆ ಕೇಳುವವನು ಎಂಬುದೇ ಮೊದಲ ಅರ್ಥ. ಗೃಹಸ್ಥನಿಗೆ ಆ ಹೆಸರು ಬಂದದ್ದು ಉಪದೇಶವನ್ನು ಕುಳಿತು ಕೇಳುತ್ತಾನೆಂಬ ಕಾರಣಕ್ಕೆ. ಆತನಿಗೆ ಪುನರಾವರ್ತನೆ ಹೊಸದಲ್ಲ. ಣಮೋಕಾರ ಮಂತ್ರದ ೩೫ ಅಕ್ಷರಗಳು ಜಪಮಾಲೆಯ ೧೦೮ ಮಣಿಗಳ ಮೇಲೆ ತಿರುಗುತ್ತವೆ. ಕಾಯೋತ್ಸರ್ಗದಲ್ಲಿ ಅದೇ ಮಂತ್ರ ೯ ಸಲ, ೨೭ ಉಸಿರುಗಳಲ್ಲಿ. ಲಕ್ಕುಂಡಿಯಲ್ಲಿ ೧೦೦೭ರಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ೧೦೦೦ ಪ್ರತಿಗಳನ್ನು ಬರೆಯಿಸಿ ಹಂಚಿದಳು, ೧೫೦೦ ಜಿನಬಿಂಬಗಳನ್ನು ಮಾಡಿಸಿ ಕೊಟ್ಟಳು. ಒಂದೇ ಗ್ರಂಥ, ಒಂದೇ ಮುದ್ರೆ. ಆದರೆ ಆ ಸಾವಿರ ಪ್ರತಿಗಳಲ್ಲಿ ಪ್ರತಿಯೊಂದರ ಹಿಂದೆಯೂ ಒಬ್ಬ ಲಿಪಿಕಾರನು ಓಲೆಯ ಮೇಲೆ ಬಾಗಿ ಕುಳಿತಿದ್ದನು. ಮಣಿಯೊಂದು ಸರಿದಾಗಲೆಲ್ಲ ಒಂದು ಬೆರಳು ಅದನ್ನು ಸರಿಸಿರುತ್ತದೆ.

ಈಗ ಅನೇಕ ಬಸದಿಗಳಲ್ಲಿಯೂ ಮನೆಗಳ ದೇವರ ಕೋಣೆಗಳಲ್ಲಿಯೂ ವಿದ್ಯುತ್ತಿನಿಂದ ನಡೆಯುವ ಒಂದು ಸಣ್ಣ ಮಂತ್ರಪೆಟ್ಟಿಗೆ ಕಂಡುಬರುತ್ತದೆ. ಗುಂಡಿಯನ್ನೊತ್ತಿದರೆ ಮಂತ್ರವು ಮಂದವಾದ ವಾದ್ಯಘೋಷದೊಡನೆ ಬೆಳಗಿನಿಂದ ರಾತ್ರಿಯವರೆಗೆ ತಾನಾಗಿ ನಡೆದಿರುತ್ತದೆ. ಪೆಟ್ಟಿಗೆ ದಣಿಯುವುದಿಲ್ಲ, ಉಸಿರು ತೆಗೆದುಕೊಳ್ಳುವುದಿಲ್ಲ, ತಪ್ಪುವುದೂ ಇಲ್ಲ. ಅದರ ಕೆಳಗೆ ಜನರು ಚಪ್ಪಲಿ ಬಿಡುತ್ತಾರೆ, ದೇಣಿಗೆಯ ರಸೀದಿ ಬರೆಯಿಸುತ್ತಾರೆ, ಮಕ್ಕಳನ್ನು ಗದರಿಸುತ್ತಾರೆ. ಇದನ್ನು ಇರಿಸಿದ ವಿಶ್ವಸ್ಥ ಮಂಡಳಿಗಳ ಭಕ್ತಿಯನ್ನು ಶಂಕಿಸಬೇಕಾಗಿಲ್ಲ. ವಾತಾವರಣ ಪವಿತ್ರವಾಗಿರಲೆಂಬುದೇ ಅವರ ಆಶಯ. ಆದರೆ ಇಟಲಿಯ ಪಿಯಾನೋವಿಗೆ ಜಗತ್ತಿನ ಮನೆಗಳಲ್ಲಿ ದೊರೆತ ಸ್ಥಾನವೇ ಇಲ್ಲಿ ಮಂತ್ರಕ್ಕೂ ದೊರೆತಿದೆ. ಹಿತವಾಗಿದೆ, ಯಾರಿಗೂ ತೊಂದರೆಯಿಲ್ಲ, ಯಾರೂ ಕೇಳುತ್ತಿಲ್ಲ. ಪಿಯಾನೋದ ವಿಷಯದಲ್ಲಿ ಇದು ಅಭಿರುಚಿಯ ಪ್ರಶ್ನೆ. ಮಂತ್ರದ ವಿಷಯದಲ್ಲಿ ಅಭಿರುಚಿಯೆಂದು ಬಿಟ್ಟುಬಿಡುವಂತಿಲ್ಲ. ಪೆಟ್ಟಿಗೆಯನ್ನು ನಿಲ್ಲಿಸಿ, ಬೆಳಿಗ್ಗೆಯೂ ಸಂಜೆಯೂ ನಿಗದಿಯಾದ ಹೊತ್ತಿನಲ್ಲಿ ಬಂದವರೇ ಒಂಬತ್ತು ಸಲ ಹೇಳುವ ಪದ್ಧತಿಯನ್ನು ಮಂಡಳಿಗಳು ಒಂದು ಚಾತುರ್ಮಾಸದ ಮಟ್ಟಿಗೆ ನಡೆಸಿ ನೋಡಬಹುದು. ಖರ್ಚಿಲ್ಲದ ಪ್ರಯೋಗ. ಉಳಿದ ಹೊತ್ತಿನ ನಿಶ್ಶಬ್ದಕ್ಕೆ ಮೊದಮೊದಲು ಕಿವಿ ಒಗ್ಗದಿರಬಹುದು.

ಐನೌಡಿಯವರನ್ನು ಮೆಚ್ಚುವ ತರುಣರು ಮನೆಯಲ್ಲಿದ್ದರೆ ಅವರನ್ನು ಗೇಲಿಮಾಡುವ ಬದಲು ನೀರಾನೆಯ ಕಥೆಯನ್ನು ಮೊದಲು ಹೇಳಿ, ಬಳಿಕ 'ಇ ಜೋರ್ನಿ'ಯನ್ನು ದೀಪ ಸಣ್ಣದು ಮಾಡಿ ಒಟ್ಟಿಗೆ ಕುಳಿತು ಕೇಳಬಹುದು. ಏಳು ನಿಮಿಷ ಮೀರದು. ಅದೇ ವಾರದಲ್ಲಿ ಒಂದು ಬೆಳಿಗ್ಗೆ ಭೀಮಸೇನರ ತೋಡಿಯನ್ನೂ ಹಾಗೆಯೇ ಕೇಳಬೇಕು. ಅದಕ್ಕೆ ಒಂದು ಸಾಮಾಯಿಕದ ಕಾಲ, ೪೮ ನಿಮಿಷ, ಎತ್ತಿಡಬೇಕಾದೀತು.